ಬಾಕ್ಸಿಂಗ್ ಮೊಮ್ಮಗಳೂ ಕಲಬೆರಕೆ ಕುಸ್ತಿಯೂ

ನನ್ನ ಮೊಮ್ಮಗಳು ಭವ್ಯಾ ಗೆದ್ದುಬಿಟ್ಟಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಉಸಿರಾಡುತ್ತೇನೆ. ಹಲಸೂರಿನ ನಮ್ಮ ಬೀದಿಯಲ್ಲಿ ಹಾಲಿನವನಿಗೆ, ಇಸ್ತ್ರಿಯವನಿಗೆ, ಮೆಟ್ರೊ ಮೆಟ್ಟಿಲ ಬಳಿ ಹೂ ಕಟ್ಟುವವಳಿಗೆ ಆಗಲೇ ಹೇಳಿ ಆಗಿದೆ. ಉಳಿದವರು ನೀವೇ. ಹೇಗೆ ಗೆದ್ದಳು ಎಂದು ಮಾತ್ರ ತಟ್ಟನೆ ಕೇಳಬೇಡಿ. ಕಣ್ಣಾರೆ ನೋಡಿದವನು ನಾನು. ಆದರೂ ನೋಡಿದ್ದೇನು ಎಂಬುದು ನನ್ನ ತಲೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಭವ್ಯಾ ಚಿಕ್ಕಂದಿನಿಂದ ಬಾಕ್ಸಿಂಗ್ ಕಲಿತವಳು. ಈಗ ಇಂದಿರಾನಗರದ ಒಂದು ಜಿಮ್ಮಿನಲ್ಲಿ ಬೇರೆಯವರಿಗೂ ಕಲಿಸುತ್ತಾಳೆ. ಅದೇ ಜಿಮ್ಮಿನ ಇನ್ನೊಂದು ಮಗ್ಗುಲಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬುದನ್ನು ಹೇಳಿಕೊಡುತ್ತಾರೆ. ಮಕ್ಕಳು ಅದನ್ನು ಎಂಎಂಎ ಎನ್ನುತ್ತವೆ. ನಾನು ಕಲಬೆರಕೆ ಕುಸ್ತಿ ಎನ್ನುತ್ತೇನೆ. ಅದರಲ್ಲಿ ಗುದ್ದೂ ಉಂಟು, ಒದೆಯೂ ಉಂಟು, ಕಾಲು ಹಿಡಿದು ಕೆಡವುವುದೂ ಉಂಟು, ಕೆಡವಿ ಕೈ ತಿರುಚುವುದೂ ಉಂಟು. ಅಲ್ಲಿಯ ಮೇಷ್ಟರು ಒಂದು ದಿನ ಎಲ್ಲರೆದುರಿಗೆ, "ಬಾಕ್ಸರ್‌ಗಳು ನಮ್ಮ ಹುಡುಗೀರ ಮುಂದೆ ಒಂದು ರೌಂಡ್ ನಿಲ್ಲಲ್ಲ ಬಿಡಮ್ಮ. ಕೆಳಗೆ ಬಿದ್ರೆ ಈಜು ಬಾರದೋರು ಕೆರೆಗೆ ಬಿದ್ದಂಗೆ" ಎಂದರಂತೆ. ಹುಡುಗಿಗೆ ರೇಗಿತು. ಕೆಲವು ತಿಂಗಳು ಅವರ ಬಳಿಯೇ ಬೀಳದೆ ನಿಲ್ಲುವುದನ್ನು ಕಲಿತಳು. ಆಮೇಲೆ ಅವರ ಒಳ್ಳೆಯ ಶಿಷ್ಯೆಯೊಬ್ಬಳ ಜೊತೆಗೇ ಪಂದ್ಯ ಒಪ್ಪಿಕೊಂಡು ಮನೆಗೆ ಬಂದಳು.

ಅವಳ ತಾಯಿ, ಎಂದರೆ ನನ್ನ ಸೊಸೆ ಸರಳಾ, ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೇ ನಮಗೆ ಭಯ.

"ಹೋಗು, ಬೇಡ ಅನ್ನಲ್ಲ. ಸೋತ್ರೆ ಮಾತ್ರ ಗ್ಲೌಸ್ ಅಟ್ಟಕ್ಕೆ. ಬಾಕ್ಸಿಂಗೂ ಬೇಡ, ಅದೂ ಬೇಡ. ಒಪ್ಪಿಗೇನಾ?"

"ಒಪ್ಗೆ" ಎಂದುಬಿಟ್ಟಳು ಇವಳು. ಅವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು. ಬಾಕ್ಸರ್ ಆದವರು ಕಲಬೆರಕೆಯವರ ಮುಂದೆ ಗೆಲ್ಲಲು ಸಾಧ್ಯವೇ? ಓದಿದವರಾದರೆ ಪುಸ್ತಕ ತೆಗೆದು ನೋಡುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಲೆಯೊಳಗೇ ಹುಡುಕಬೇಕು.

ತಲೆಯೊಳಗೆ ಇದ್ದದ್ದು ಗರಡಿ. ಹರೆಯದಲ್ಲಿ ನಾನು ಗರಡಿಯ ಕೆಂಪು ಮಣ್ಣಿನಲ್ಲಿ ಹೊರಳಿದವನು. ನನ್ನ ಗೆಳೆಯ ಶಿವಾಜಿನಗರದ ಖಾದರ್ ಬಾಕ್ಸಿಂಗ್ ಆಡಿದವನು. ಭವ್ಯಾಳಿಗೆ ಮೊದಲ ಸಲ ಗ್ಲೌಸ್ ತೊಡಿಸಿದವನೂ ಅವನೇ. ಪೈಲ್ವಾನ್ ಹೆಚ್ಚೋ ಬಾಕ್ಸರ್ ಹೆಚ್ಚೋ ಎಂಬ ಜಗಳ ನಮ್ಮಿಬ್ಬರಿಗೂ ಮೀಸೆ ಮೂಡಿದಾಗ ಶುರುವಾಯಿತು, ಮೀಸೆ ಬೆಳ್ಳಗಾದರೂ ಮುಗಿದಿಲ್ಲ. "ನೀನು ನನ್ನ ಸೊಂಟ ಹಿಡಿಯೋಕೆ ಬಗ್ಗೋ ಹೊತ್ತಿಗೆ ನಿನ್ನ ಮೂತಿ ಇರೋದೇ ಇಲ್ಲ ಕಣೋ" ಎಂದು ಅವನು. "ಮೂತಿ ಹೋದ್ರೂ ಸೊಂಟ ಬಿಡಲ್ಲ" ಎಂದು ನಾನು. ನಾವಿಬ್ಬರೂ ಒಂದು ಸಲವೂ ನಿಜವಾಗಿ ಕಾದಾಡಿ ನೋಡಲಿಲ್ಲ. ನೋಡಿದ್ದರೆ ಇಷ್ಟು ವರ್ಷ ಮಾತನಾಡಲು ಏನು ಉಳಿಯುತ್ತಿತ್ತು ಹೇಳಿ?

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ. ನಾನು ರಸೆಲ್ ಮಾರುಕಟ್ಟೆಯಲ್ಲಿ ಬದುಕಿಡೀ ನಿಂಬೆಹಣ್ಣು ಮಾರಿದವನು, ನಿಂಬೆಹಣ್ಣು ಮಾತ್ರ. ಮುಟ್ಟಿದರೆ ಸಾಕು, ರಸ ಎಷ್ಟು, ಸಿಪ್ಪೆ ಎಷ್ಟು ಎಂದು ಬೆರಳಿಗೇ ತಿಳಿಯುತ್ತಿತ್ತು. ಎದುರಂಗಡಿಯವನು ನಿಂಬೆ, ಶುಂಠಿ, ಪುದೀನ, ಬೆಣ್ಣೆಹಣ್ಣು ಎಲ್ಲವನ್ನೂ ಇಟ್ಟಿದ್ದ. ಅವನ ನಿಂಬೆ ನನ್ನದರ ಕಾಲ ಧೂಳಿಗೂ ಸಮವಲ್ಲ. ಆದರೂ ಗಿರಾಕಿ ಅಲ್ಲಿಗೂ ಹೋಗುತ್ತಿದ್ದರು. ಒಂದನ್ನೇ ಚೆನ್ನಾಗಿ ಬಲ್ಲ ಬಾಕ್ಸರ್ ನಾನು, ಎಲ್ಲವನ್ನೂ ಅಷ್ಟಷ್ಟು ಬಲ್ಲ ಕಲಬೆರಕೆಯವನು ಅವನು ಎಂದುಕೊಂಡರೆ ಗೆದ್ದವರು ಯಾರು? ನಾನೂ ಮಕ್ಕಳನ್ನು ಸಾಕಿದೆ, ಅವನೂ ಸಾಕಿದ. ಈ ಲೆಕ್ಕದಿಂದಲೂ ಉತ್ತರ ಬರಲಿಲ್ಲ.

ಪಂದ್ಯ ನಡೆದದ್ದು ಕೆ.ಆರ್. ಪುರದ ಒಂದು ಕಲ್ಯಾಣ ಮಂಟಪದಲ್ಲಿ. ಹಸೆಮಣೆ ಇರಬೇಕಾದ ಕಡೆ ಬಲೆ ಹೆಣೆದ ಪಂಜರ. ಕುರ್ಚಿಗಳಿಗೆ ಮದುವೆಯ ರಿಬ್ಬನ್ ಇನ್ನೂ ಬಿಚ್ಚಿರಲಿಲ್ಲ. ನಾನು, ಖಾದರ್, ನನ್ನ ಮಗ ರವಿ ಮುಂದಿನ ಸಾಲಿನಲ್ಲಿ ಕುಳಿತೆವು. ಸರಳಾ ಬರಲಿಲ್ಲ. "ನಾನು ನೋಡಲ್ಲ, ವಿಡಿಯೋ ಮಾಡ್ಕೊಂಡು ಬನ್ನಿ" ಎಂದಳು. ನೋಡದವಳಿಗೆ ವಿಡಿಯೋ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಟೆ ಹೊಡೆದದ್ದೇ ತಡ, ಆ ಹುಡುಗಿ ಬಗ್ಗಿ ಭವ್ಯಾಳ ಎರಡೂ ಕಾಲು ಬಾಚಿ ಎತ್ತಿ ಧೊಪ್ಪೆಂದು ಕೆಡವಿ ಎದೆಯ ಮೇಲೆ ಕುಳಿತಳು. ಬೆನ್ನು ನೆಲಕ್ಕೆ ಅಂಟಿತು. ಗರಡಿಯಲ್ಲಿ ಅದಕ್ಕೆ ಚಿತ್ ಎನ್ನುತ್ತೇವೆ. ಚಿತ್ ಆದರೆ ಕುಸ್ತಿ ಮುಗಿಯಿತು, ಮಣ್ಣು ಕೊಡವಿಕೊಂಡು ಮನೆಗೆ ಹೋಗಬೇಕು. ಅಟ್ಟ ಕಣ್ಣ ಮುಂದೆ ಬಂತು. ಎದ್ದು ಕಾಲಲ್ಲಿ ಚಪ್ಪಲಿ ಹುಡುಕತೊಡಗಿದೆ. ಖಾದರ್ ಅಂಗಿ ಹಿಡಿದು ಜಗ್ಗಿದ.

"ಎಲ್ಲಿಗೋ?"

"ಮುಗೀತಲ್ಲ. ಚಿತ್ ಆದ್ಲು."

"ಅರೆ, ಕೂತ್ಕೋ ಮುನಿಸ್ವಾಮಿ! ಇದು ನಿಮ್ಮ ಗರಡಿ ಅಲ್ಲ. ಇಲ್ಲಿ ಬಿದ್ಮೇಲೇ ಶುರು ಅಂತೆ!"

ಬಿದ್ದ ಮೇಲೆ ಶುರುವಾಗುವ ಆಟವನ್ನು ನಾನು ಕಂಡಿರಲಿಲ್ಲ. ನಮ್ಮ ಹುಡುಗಿ ಮುಖಕ್ಕೆ ಎರಡು ಮೊಣಕೈ ಅಡ್ಡ ಹಿಡಿದು, ಮಳೆಯಲ್ಲಿ ಗೋಣಿ ಹೊದ್ದವಳಂತೆ ಗಂಟೆ ಹೊಡೆಯುವವರೆಗೂ ಏಟು ತಡೆದಳು.

ಎರಡನೇ ಸುತ್ತಿನಲ್ಲಿ ಭವ್ಯಾಳ ಬಲಗೈ ಎಲ್ಲಿಂದ ಬಂತೋ, ಆ ಹುಡುಗಿ ಕುಕ್ಕರಿಸಿಬಿಟ್ಟಳು! ಈಗ ಖಾದರ್ ಸರದಿ. ಎದ್ದು ನಿಂತು, "ಏಕ್! ದೋ! ತೀನ್!" ಎಂದು ಎಣಿಸತೊಡಗಿದ. ಬಾಕ್ಸಿಂಗಿನಲ್ಲಿ ಬಿದ್ದವರಿಗೆ ಎಣಿಸುತ್ತಾರೆ. ಅಲ್ಲಿ ಮಾತ್ರ ಇವನನ್ನು ಬಿಟ್ಟು ಒಬ್ಬರೂ ಎಣಿಸುತ್ತಿಲ್ಲ. ಎಲ್ಲರೂ "ಬೀಳು, ಮೇಲೆ ಬೀಳು!" ಎಂದು ಅರಚುತ್ತಿದ್ದರು. ಅಷ್ಟರಲ್ಲಿ ಭವ್ಯಾ ಮಾಡಿದ್ದೇನು ಗೊತ್ತೆ? ತಿರುಗಿ ನಡೆದುಬಿಟ್ಟಳು. ಎದುರಾಳಿ ಬಿದ್ದರೆ ಬಾಕ್ಸರ್ ದೂರದ ಮೂಲೆಗೆ ಹೋಗಿ ನಿಲ್ಲಬೇಕು, ಅದು ನಿಯಮ. ಪಾಪ, ಆ ಪಂಜರಕ್ಕೆ ಮೂಲೆಯೇ ಇಲ್ಲ, ಸುತ್ತಲೂ ಬಲೆ. ಇವಳು ಹೋಗಿ ಬಲೆಯ ಒಂದು ಮಡಿಕೆ ಹುಡುಕಿ, ಅಲ್ಲಿ ಬೆನ್ನು ಆನಿಸಿ ನಿಂತಳು.

ಕೆಳಗಿದ್ದ ಹುಡುಗಿ ಅಂಗಾತ ಮಲಗಿ, ಮಂಡಿ ಎತ್ತಿ, ಬಾ ಬಾ ಎಂದು ಕೈಯಾಡಿಸಿದಳು. ಇವಳು ಹೋಗಲಿಲ್ಲ. ಕೊನೆಗೆ ರೆಫರಿಯೇ ಆ ಹುಡುಗಿಯನ್ನು ಎಬ್ಬಿಸಿದರು. ಎದ್ದವಳಿಗೆ ಮತ್ತೆ ಗುದ್ದು, ಮತ್ತೆ ಅವಳು ಕೆಳಗೆ, ಮತ್ತೆ ಇವಳು ಬಲೆಯ ಮಡಿಕೆಗೆ. ಮೂರನೇ ಸುತ್ತಿನಲ್ಲಿ ಅವಳು ಕಾಲು ಹಿಡಿಯಲು ಬಂದಾಗಲೆಲ್ಲ ಇವಳು ಸೊಂಟ ಹಿಂದಕ್ಕೆ ಎಸೆದು ತಪ್ಪಿಸಿಕೊಂಡಳು. ಮೂರು ಸುತ್ತೂ ಮುಗಿದು ಅಂಕ ಕೂಡಿಸಿದ ಮೇಲೆ ರೆಫರಿ ಎತ್ತಿದ್ದು ನಮ್ಮ ಹುಡುಗಿಯ ಕೈ. ನಾನು ಖಾದರನನ್ನು ತಬ್ಬಿಕೊಂಡೆ. ನಾನು ಮೊದಲ ಸಲ ಅವನ ಸೊಂಟ ಹಿಡಿದದ್ದು ಆಗಲೇ.

ಮೇಷ್ಟರು ಬಂದು ತಲೆ ಚಚ್ಚಿಕೊಂಡರು. "ಹೊಡ್ದು ಕೆಡವಿ ವಾಕಿಂಗ್ ಹೋಗ್ತೀಯಲ್ಲಮ್ಮ! ಅಲ್ಲೇ ಮುಗಿಸ್ಬೋದಿತ್ತು!" ಆಮೇಲೆ ಸ್ವಲ್ಪ ಯೋಚಿಸಿ, "ಮೇಲೆ ಬಿದ್ದಿದ್ರೆ ಅವಳು ಕಾಲಲ್ಲಿ ಕತ್ತು ಹಿಡ್ಕೋತಿದ್ಲು ಅನ್ನೋದೂ ನಿಜ" ಎಂದರು. ಮತ್ತೂ ಯೋಚಿಸುತ್ತಲೇ ಹೊರಟುಹೋದರು. ಕಲಿಸುವವರಿಗೇ ಹೀಗಾದರೆ ನಿಂಬೆಹಣ್ಣಿನವನ ಗತಿ ಏನು? ಬಿದ್ದವರನ್ನು ಬಿಟ್ಟದ್ದಕ್ಕೆ ಗೆದ್ದಳೋ, ಬಿಟ್ಟರೂ ಗೆದ್ದಳೋ? ವಾಪಸು ಬರುವಾಗ ಅವಳನ್ನೇ ಕೇಳಿದೆ.

"ಏನಮ್ಮ, ಬೇಕೂಂತಲೇ ಹೋಗಿ ನಿಂತ್ಯಾ?"

"ಗೊತ್ತಿಲ್ಲ ತಾತ. ಕಾಲು ತಾನಾಗೇ ಹೋಯ್ತು. ಎರಡನೇ ಸಲ ಮಾತ್ರ ನಾನೇ ಹೋದೆ."

"ಬಾಕ್ಸಿಂಗ್ ಗೆದ್ದಿದ್ದು!" ಎಂದ ಖಾದರ್.

"ಸೊಂಟ ಹಿಂದಕ್ಕೆ ಎಸೆದಳಲ್ಲ, ಅದು ಬಾಕ್ಸಿಂಗಾ?" ಎಂದೆ ನಾನು. ಹಲಸೂರು ಬರುವವರೆಗೂ ಆಟೊದವನೂ ಸೇರಿ ವಾದಿಸಿದೆವು. ಆಟೊದವನು ನನ್ನ ಕಡೆ.

ಸಂಜೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕುಳಿತೆವು. ಮುದ್ದೆ, ಖಾದರ್ ತಂದ ನಾಟಿ ಕೋಳಿಯ ಸಾರು. ಭವ್ಯಾಳ ಬಲಗೈ ಊದಿಕೊಂಡು ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಸರಳಾ ಬಡಿಸುವುದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಮಗಳ ಪಕ್ಕ ಕುಳಿತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಗೆದ್ದಿದ್ದಾಳೆ ನಿಜ, ಆದರೆ ಆ ಊದಿದ ಕೈ ನೋಡಿ ತಾಯಿ ಮಾತು ಬದಲಿಸಿದರೆ? ನಾಲ್ಕು ತುತ್ತಾದ ಮೇಲೆ ಸರಳಾ ಬಾಯಿ ಬಿಟ್ಟಳು.

"ವಿಡಿಯೋ ನೋಡ್ದೆ. ಆ ಹುಡುಗಿ ಎದೆ ಮೇಲೆ ಕೂತಾಗ ಸುಮ್ನೆ ಮಲಗಿದ್ಯಲ್ಲೇ. ಅಲ್ಲಿಂದ ಹೆಂಗೆ ಏಳ್ಬೇಕು ಅಂತ ಆ ಮೇಷ್ಟ್ರ ಹತ್ರ ಸರಿಯಾಗಿ ಕಲ್ತ್ಕೋ. ಇನ್ನೊಂದ್ಸಲ ನನ್ನ ಕೈಲಿ ಅದನ್ನ ನೋಡಕ್ಕಾಗಲ್ಲ."

ಇನ್ನೊಂದು ಸಲ! ಭವ್ಯಾ ತುತ್ತು ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ನೋಡಿದಳು. ನಾನು ಖಾದರ್ ಕಡೆ ನೋಡಿದೆ. ಅವನು ಎಲುಬು ಚೀಪುವುದರಲ್ಲಿದ್ದ ಹಾಗೆ ನಟಿಸಿದ. ಬಾಕ್ಸರ್ ಹೆಚ್ಚೋ ಕಲಬೆರಕೆಯವರು ಹೆಚ್ಚೋ ನನಗೆ ಇವತ್ತಿಗೂ ತಿಳಿಯದು. ತಾಯಿಯಾದವಳು ಮಗಳಿಗೆ ಸೋಲುವ ಪಟ್ಟು ಮಾತ್ರ ಗರಡಿಯಲ್ಲೂ ಇಲ್ಲ, ಜಿಮ್ಮಿನಲ್ಲೂ ಇಲ್ಲ. ಅದನ್ನು ಸರಳಾಗೆ ಹೇಳಲು ಹೋಗಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.