ಅರ್ಧ ಗೇಣು ಕೆಳಗೆ

ನಾನು ಮೊದಲು ಮನೆ ಬಿಟ್ಟದ್ದು ಒಂದು ಮಂಗಳವಾರ, ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಹಾಗೇ ಅಲೆಯುತ್ತಾ ಎಂಬತ್ತರ ದಶಕದಲ್ಲಿ ಅಮೆರಿಕದ ಓಕ್ಲೆಂಡಿನ ಸಣ್ಣದೊಂದು ಮ್ಯೂಸಿಯಮ್ಮಿನಲ್ಲಿ ಗೋಡೆಗೆ ಚಿತ್ರ ಹಾಕುವ ಕೆಲಸಕ್ಕೆ ಸೇರಿದ್ದೆ. ಸೇರಿಸಿದವರು ಅಲ್ಲೇ ಕೆಲಸಕ್ಕಿದ್ದ ಉಡುಪಿಯ ವಾರಿಜಕ್ಕ.

ಒಂದು ಸಂಜೆ ಅಲ್ಲಿ ಅಕ್ಕನ ಮೊದಲ ಭಾಷಣ, ನೂರು ವರ್ಷದ ಹಿಂದಿನ ಒಬ್ಬ ಚಿತ್ರಗಾರ್ತಿಯ ಬಗ್ಗೆ. ಆಕೆ ಬರೆದ ಎರಡು ಭಾವಚಿತ್ರ, ಗಂಡನದ್ದು ಮತ್ತು ತನ್ನದು, ನಾನೇ ಹಾಕಿದ್ದೆ. ಜನ ಬರಲು ಹತ್ತು ನಿಮಿಷ ಇತ್ತು. ಅಕ್ಕ ಗೋಡೆ ನೋಡಿ ನಿಂತುಬಿಟ್ಟರು.

"ಇವಳದ್ದು ಎಂತಕ್ಕೆ ಕೆಳಗೆ ಮಾರಾಯ?"

"ನಮ್ಮನೇಲಿ ಅಪ್ಪನ ಫೋಟೋಕ್ಕಿಂತ ಅಮ್ಮಂದು ಅರ್ಧ ಗೇಣು ಕೆಳಗೇ ಅಕ್ಕ. ಹಂಗೇ ಅಲ್ವಾ ಹಾಕೋದು?"

"ಇವಳು ಸಾಯುವವರೆಗೆ ಜಗಳ ಆಡಿದ್ದೇ ಅದಕ್ಕೆ! ಅಪ್ಪ ಚಿತ್ರ ಕಲಿಸಿದ್ದು ತಮ್ಮನಿಗೆ, ಕುಂಚ ತೊಳೆದದ್ದು ಇವಳು. ಊರಿನ ಚಿತ್ರಶಾಲೆಗೆ ಹೆಂಗಸರನ್ನು ಸೇರಿಸುತ್ತಲೇ ಇರಲಿಲ್ಲ."

ನಾನು ಏಣಿ ಎಳೆದು ತಂದೆ. ಕೆಲಸ ಹೋದರೆ ಹೋಗಲಿ, ಸೇರಿಸಿದ ಅಕ್ಕನ ಮಾನ? ಏಣಿ ಹತ್ತುವಷ್ಟರಲ್ಲಿ ಜನ ಒಳಗೆ ಬಂದೇಬಿಟ್ಟರು.

"ಇರಲಿ ಬಿಡು," ಅಂದು ಅಕ್ಕ ಇಂಗ್ಲಿಷಿನಲ್ಲಿ ಶುರುಮಾಡಿದರು. "ಇದನ್ನು ಹೀಗೆ ಹಾಕಿದವನು ಕೆಟ್ಟವನಲ್ಲ. ಅವನು ಬೆಳೆದ ಮನೆಯ ಗೋಡೆ ಹೀಗಿತ್ತು. ಇವಳು ಬೆಳೆದ ಮನೆಯದ್ದೂ ಹೀಗೇ ಇತ್ತು. ಅದನ್ನು ನೋಡಿ ನೋಡಿಯೇ ಇವಳು ಸಮಾನತೆಗೆ ಹಟ ಹಿಡಿದದ್ದು."

ಎಲ್ಲರೂ ಏಣಿಯ ಮೇಲಿದ್ದ ನನ್ನ ಕಡೆ ತಿರುಗಿದರು.

ಕೆಲಸ ಹೋಗಲಿಲ್ಲ. ಭಾಷಣ ಜನರಿಗೆ ಎಷ್ಟು ಹಿಡಿಸಿತೆಂದರೆ, ಮ್ಯೂಸಿಯಮ್ಮಿನವರು ಪ್ರತಿ ಶನಿವಾರ ಅದನ್ನೇ ಇಟ್ಟರು. ಚಿತ್ರ ಕೆಳಗೇ ಇರಬೇಕಂತೆ, ಜನ ತಿರುಗಿ ನೋಡಲು ನಾನೂ ಏಣಿಯ ಮೇಲಿರಬೇಕಂತೆ. ಶನಿವಾರ ಬರುವ ಮೊದಲೇ ಅವಳ ಚಿತ್ರವನ್ನು ಗಂಡನ ಸಮಕ್ಕೆ ಎತ್ತಿ ಹಾಕಿ, ರೂಮಿಗೆ ಬಂದು, ಮತ್ತೊಮ್ಮೆ ಹೊರಟುಬಿಡಲು ಬಟ್ಟೆಯನ್ನು ಚೀಲಕ್ಕೆ ತುಂಬತೊಡಗಿದೆ.