ಮಂಚದ ಹ್ಯಾಂಡಲ್

ಕೂಕಟ್‌ಪಲ್ಲಿಯ ಆ ಆಸ್ಪತ್ರೆಯ ಐಸಿಯು ಎರಡನೇ ಮಹಡಿಯಲ್ಲಿತ್ತೋ ಮೂರನೆಯದರಲ್ಲೋ, ಸರಿಯಾಗಿ ನೆನಪಿಲ್ಲ. ನಡೆದು ಮೂರೇ ತಿಂಗಳಾದರೂ ನೆನಪು ಹೀಗೆ. ಆದ್ದರಿಂದ ನನ್ನ ಮಾತನ್ನು ಪೂರ್ತಿ ನಂಬಬೇಡಿ. (ನಾನೂ ನಂಬುತ್ತಿಲ್ಲ.) ಮಂಚದ ಕಾಲಬುಡದಲ್ಲಿ, ತಲೆಭಾಗ ಏರಿಸಿ ಇಳಿಸುವ ಒಂದು ಹ್ಯಾಂಡಲ್ ಇದ್ದದ್ದು ಮಾತ್ರ ಖಂಡಿತ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಬೀದರ್ ಕಡೆಯವರು. ಆಗ ಆಂಧ್ರದ ರಾಜಧಾನಿಯಾಗಿದ್ದ ಆ ನಗರಕ್ಕೆ ಬಂದು ಮೂವತ್ತು ವರ್ಷ ಸರಕಾರಿ ಕಾರ್ಖಾನೆಯಲ್ಲಿ ದುಡಿದರೂ ದಿಂಬು ಮುಟ್ಟಿದವರಲ್ಲ. ಚಾಪೆ, ಮಡಚಿದ ಟವೆಲ್, ಮುಗಿಯಿತು. "ತಲೀ ಎತ್ತಿ ಮಲಗಾಕ ನಾ ಏನ್ ನವಾಬನೇನು?" ಎನ್ನುವರು. ಅವರ ಹೆಂಡತಿ, ನಮ್ಮ ಕಾಕೂ, ತವರಿಂದ ತಂದ ಎರಡು ದಿಂಬುಗಳು ಅಲ್ಮಾರಿಯಲ್ಲೇ ಹಳತಾದವು.

ಸ್ಟ್ರೋಕ್ ಆಗಿ ವೆಂಟಿಲೇಟರ್ ಹಾಕಿದಾಗ ಅವರ ಮಂಚದ ತಲೆಭಾಗವನ್ನು ಎತ್ತಿಯೇ ಇಟ್ಟಿದ್ದರು. "ದಿಂಚೊದ್ದಮ್ಮಾ," ಇಳಿಸಬೇಡಿ ಎಂದು ನರ್ಸ್ ತೆಲುಗಿನಲ್ಲಿ ಹೇಳಿದಳು. ಯಾಕೆ ಎಂದು ನಾವು ಕೇಳಲಿಲ್ಲ. ಕೊತ್ತಂಬರಿ ಕಟ್ಟಿಗೆ ಹತ್ತು ಪ್ರಶ್ನೆ ಹಾಕುವವರಿಗೆ ಅಲ್ಲಿ ಬಾಯಿ ಯಾಕೆ ಕಟ್ಟುತ್ತದೆ?

ನಾಲ್ಕನೆಯ ಸಂಜೆ ನರ್ಸ್ ಆಚೆ ಹೋದಾಗ ಕಾಕೂ ಪಿಸುಗುಟ್ಟಿದರು: "ಕುತ್ತಿಗಿ ನೋಡವಾ, ಹೆಂಗ ವಾಲೇತಿ. ಬಾಯಾಗ ನಳಿಗಿ ಐತಿ, ಪಾಪ, ಹೇಳಾಕ ಬರೂದಿಲ್ಲ. ಒಂದೀಟು ಇಳಿಸಿದ್ರ ಆರಾಮ ಮಲಗತಾರ."

ಮಂಚ ಇಳಿಯಿತು. ಹ್ಯಾಂಡಲ್ ತಿರುಗಿಸಿದವರು ಯಾರು? ನನ್ನ ಅಂಗೈಗೆ ಕಬ್ಬಿಣದ ತಂಪು ನೆನಪಿದೆ. ಕಿವಿಗೆ ಕಾಕೂನ ಬಳೆಗಳ ಸದ್ದು ನೆನಪಿದೆ. ಅರ್ಧ ಗಂಟೆ ಕಾಕಾ ಮನೆಯಲ್ಲಿ ಮಲಗಿದಂತೆಯೇ ಮಲಗಿದ್ದರು. ನರ್ಸ್ ಬಂದು ಬೈದು ಮೇಲೆತ್ತಿದಳು.

ಎರಡು ದಿನಕ್ಕೆ ಜ್ವರ, ನ್ಯುಮೋನಿಯಾ. ವಾರದೊಳಗೆ ಕಾಕಾ ಹೋದರು.

ಮಟ್ಟಸ ಮಲಗಿಸಿದರೆ ಹೊಟ್ಟೆಯಲ್ಲಿದ್ದದ್ದು, ಬಾಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು ಎಂದು ಡಾಕ್ಟರು ನಮ್ಮಿಬ್ಬರಿಗೂ ಹಿಂದಿಯಲ್ಲಿ ಬಿಡಿಸಿ ಹೇಳಿದ್ದು ಆಮೇಲೆ, ನಾನು ಕೇಳಿದಾಗ. ಕಾಕಾನ ವಯಸ್ಸು, ಶುಗರ್, ಹಳೆಯ ಸಿಗರೇಟು, ಔಷಧಕ್ಕೆ ಬಗ್ಗದ ಸೋಂಕು, ಇವೇ ಜೀವಕ್ಕೆ ದೊಡ್ಡ ಅಪಾಯವಾಗಿದ್ದವು. ಅರ್ಧ ಗಂಟೆಯನ್ನು ತಲೆಗೆ ಹಚ್ಚಿಕೊಳ್ಳಬೇಡಿ ಎಂದರು. ಒಳ್ಳೆಯ ಮನುಷ್ಯ. ಆ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಹಾಗಂತ ನಿದ್ದೆ ಬರುತ್ತದೆಯೇ?

ಕಾಕೂ ಈಗ ಆ ಎರಡೂ ದಿಂಬುಗಳನ್ನು ಹೊರತೆಗೆದಿದ್ದಾರೆ. ಗೋಡೆಗೆ ಒರಗಿಸಿಕೊಂಡು, ಅರ್ಧ ಕುಳಿತೇ ಮಲಗುತ್ತಾರೆ. ಕಳೆದ ಭಾನುವಾರ ಅದನ್ನು ನೋಡಿ ಒಂದು ಮಾತು ಕೇಳಿದೆ. "ಚಾ ಆರಾಕತ್ತೈತಿ, ಕುಡಿಯವಾ" ಎಂದರು. ನಾನು ಬರೆಯುವ ಈ ಅಂಕಣವನ್ನು ಅವರು ತಪ್ಪದೆ ಓದುತ್ತಾರೆ, ಅದಕ್ಕೇ ಮತ್ತೆ ಕೇಳುತ್ತಿದ್ದೇನೆ:

"ಕಾಕೂ, ಆವತ್ತು ಹ್ಯಾಂಡಲ್ ತಿರುವಿದಾಕಿ ನಾನ ಅಲ್ಲೇನ್ರಿ?"