ಉಸ್ತಾದರಿಗೆ ಒಪ್ಪಿಸಿದ ಪಾಠ

ಇಂಟರ್ ಪರೀಕ್ಷೆಯಲ್ಲಿ ನಾನು ನಪಾಸಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಮನುಷ್ಯ ಹುಟ್ಟಾ ಜಾಣನೆಂದೇ ಹುಡುಗರು ತಿಳಿಯುತ್ತಾರೆ. "ಸರ್, ಹೆಂಗ ಓದಬೇಕ್ರಿ?" ಎಂದು ಬಂದು ನಿಲ್ಲುತ್ತಾರೆ, ನನ್ನ ಕಿಸೆಯಲ್ಲಿ ಏನೋ ಮಂತ್ರ ಇದ್ದಂತೆ. ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ನನಗೆ ಓದುವುದನ್ನು ಕಲಿಸಿದವರು ಮುಂಡಗೋಡದ ಒಬ್ಬ ಬಸ್ ಮೆಕ್ಯಾನಿಕ್. ಅವರಿಗೆ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ, ಇಂಗ್ಲಿಷಂತೂ ದೂರವೇ ಉಳಿಯಿತು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ ಅದು. ಮುಂಡಗೋಡದ ಹತ್ತಿರ, ಹುಬ್ಬಳ್ಳಿ ದಾರಿಯಲ್ಲಿರುವ ನಮ್ಮೂರು ಇಂದೂರಿನಿಂದ ಧಾರವಾಡದ ಕಾಲೇಜಿಗೆ ಹೋದ ಮೊದಲ ಹುಡುಗ ನಾನು, ನಪಾಸಾಗಿ ಮರಳಿದ ಮೊದಲ ಹುಡುಗನೂ ನಾನೇ. ತರ್ಕಶಾಸ್ತ್ರ ಕೈಕೊಟ್ಟಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯನ್ನೂ ಹೊಲವನ್ನೂ ನೋಡಿಕೊಳ್ಳುತ್ತಿದ್ದವನು ಅಣ್ಣ. ಸುದ್ದಿ ಹೇಳಲು ಹೋದಾಗ ಅವನು ಭತ್ತ ಬಿತ್ತುತ್ತಿದ್ದ. ಎತ್ತು ನಿಲ್ಲಿಸಿದ, ನನ್ನ ಮುಖ ನೋಡಿದ, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಇನ್ನೊಂದ ಸಲ ಕೂಡು," ಎಂದ. "ಆವಾಗೂ ಆಗಲಿಲ್ಲಂದ್ರ ದಾಂಡೇಲಿ ಕಟಗಿ ಡಿಪೋದಾಗ ಕಾರಕೂನಕಿ ಐತಿ, ಮಾತಾಡಿ ಇಟ್ಟೇನಿ. ಬರೂ ಜೂನ್‌ತನಾ ಕಾಯ್ತೇವಿ ಅಂದಾರ. ಆಮ್ಯಾಲ ಓದಿನ ಮಾತು ಎತ್ತಬ್ಯಾಡ."

ಡಿಪೋದ ಕೆಲಸ ಕೆಟ್ಟದ್ದೇನಲ್ಲ. ಆದರೆ ನನಗೆ ಮಾಸ್ತರನಾಗುವ ಹುಚ್ಚು. ತೇಗದ ದಿಮ್ಮಿಗಳ ಅಳತೆ ಬರೆಯುತ್ತ ಜೀವಮಾನ ಕಳೆಯುವುದು ನನಗೆ ಬೇಡವಾಗಿತ್ತು. ಜೊತೆಗೆ ಊರಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಬಾವಿಕಟ್ಟೆಯ ಹತ್ತಿರ ಹೋದರೂ "ಏನಾತಪ್ಪಾ ನಿನ್ನ ರಿಝಲ್ಟು?" ಎಂಬ ಮಾತೇ. ಒಬ್ಬ ಮುದುಕನಿಗಂತೂ "ನಿಮ್ಮ ಕೆಲಸ ನೀವು ನೋಡ್ಕೋರಿ" ಎಂದು ಹರಿಹಾಯ್ದುಬಿಟ್ಟೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಇದು ಸರಿಹೋಗುವುದಿಲ್ಲವೆಂದು ಅಣ್ಣ ನನ್ನನ್ನು ಮುಂಡಗೋಡದಲ್ಲಿದ್ದ ಅಕ್ಕನ ಮನೆಗೆ ಸಾಗಹಾಕಿದ.

ಅಕ್ಕನ ಮನೆಯಲ್ಲಿ ನಾಲ್ಕು ಮಕ್ಕಳು, ನಾಲ್ಕೂ ಗದ್ದಲ. ಹೀಗಾಗಿ ಪುಸ್ತಕ ಹಿಡಿದುಕೊಂಡು ಹುಬ್ಬಳ್ಳಿ ಬಸ್ಸು ನಿಲ್ಲುವ ಕಡೆ ಹೋಗುತ್ತಿದ್ದೆ. ಅಲ್ಲಿ ತಗಡಿನ ಛಾವಣಿಯ ಒಂದು ರಿಪೇರಿ ಅಂಗಡಿ, ಹೊರಗೆ ಒಂದು ಬೆಂಚು. ಪೆಟ್ರೋಲ್ ಸಿಗದ ದಿನಗಳಾದ್ದರಿಂದ ಬಸ್ಸಿನ ಹಿಂದೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಲಿ ಉರಿಸಿ, ಆ ಗ್ಯಾಸಿನಿಂದ ಬಸ್ಸು ಓಡಿಸುತ್ತಿದ್ದರು. ಇದ್ದಲಿ ಹತ್ತಿ ಗ್ಯಾಸು ಏಳಲು ಅರ್ಧ ಮುಕ್ಕಾಲು ತಾಸು ಬೇಕು. ಅಷ್ಟು ಹೊತ್ತೂ ಮೆಕ್ಯಾನಿಕ್ ಡ್ರಮ್ಮಿನ ಪಕ್ಕ ನಿಂತು ಗಾಳಿ ಯಂತ್ರ ತಿರುಗಿಸುತ್ತ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿರುತ್ತಿದ್ದರು. ನಲವತ್ತು ದಾಟಿದ ವಯಸ್ಸು, ಇದ್ದಲಿ ಮಸಿ ಮೆತ್ತಿದ ಗಡ್ಡ. ಊರವರು ಅವರನ್ನು ಉಸ್ತಾದ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾನು ಓದುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು, ನಗಬೇಡಿ. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದರು. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಮೊದಲ ಪುಟದಿಂದಲೇ ಶುರು ಮಾಡಬೇಕು. ಅದು ಅಜ್ಜಿಯ ಕಟ್ಟಪ್ಪಣೆ. ನಾನು ತರ್ಕಶಾಸ್ತ್ರವನ್ನೂ ಹಾಗೇ ಓದುತ್ತಿದ್ದೆ! ಮಧ್ಯೆ ಜ್ವರ ಬಂತು, ಮದುವೆ ಬಂತು, ಬೇಜಾರು ಬಂತು, ಮತ್ತೆ ಮೊದಲ ಪುಟ. ಮೊದಲ ಮೂವತ್ತು ಪುಟ ನಿದ್ದೆಯಲ್ಲೂ ಬರುತ್ತಿತ್ತು. ಪುಸ್ತಕದ ಕೊನೆಯ ಅರ್ಧದಲ್ಲಿ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆದರೂ ನಾನು ಬಹಳ ಓದುವವನೆಂದು ನನಗೆ ಬಲವಾದ ನಂಬಿಕೆ.

ನಾಲ್ಕನೆಯ ದಿನವೋ ಐದನೆಯ ದಿನವೋ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಬಸ್ಸಿನ ಕೆಳಗಿನಿಂದ ಉಸ್ತಾದರ ದನಿ ಬಂತು.

"ತಮ್ಮಾ, ಇದನ್ನ ನಿನ್ನೆನೂ ಓದಿದಿ, ಮೊನ್ನೆನೂ ಓದಿದಿ. ಮುಂದ ಏನಾತು?"

"ಮುಂದ ಏನಾತಂದ್ರ? ಇದೇನ ಕಥೀನ್ರಿ? ನನ್ನ ಪುಸ್ತಕ, ಎಷ್ಟ ಸಲರ ಓದ್ತೇನಿ," ಎಂದೆ, ಕಿಡಿಕಿಡಿಯಾಗಿ.

ಅವರು ಹೊರಗೆ ತೆವಳಿ ಬಂದು, ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು. ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ನನ್ನ ಪುಸ್ತಕದ ಮೊದಲ ಪುಟವನ್ನು ಇಂಗ್ಲಿಷಿನಲ್ಲೇ ಒಂದೂ ತಪ್ಪಿಲ್ಲದೆ ಹೇಳಿಬಿಟ್ಟರು. ನಾನು ನುಂಗುತ್ತಿದ್ದ ಶಬ್ದವನ್ನು ಅವರೂ ಅಲ್ಲೇ ನುಂಗಿದರು.

"ಅರ್ಥ ಗೊತ್ತಿಲ್ಲ ನಂಗ," ಎಂದು ನಕ್ಕರು. "ಕೇಳಿ ಕೇಳಿ ಬಂತು. ಮುಂದಿನ ಹಾಳಿ ಬರೂದಿಲ್ಲ. ನೀ ಅಲ್ಲೀತನಾ ಹೋಗೇ ಇಲ್ಲಲ್ಲೋ!"

ಅವರು ಹಾಫಿಜ್ ಎಂಬುದು ಆಮೇಲೆ ತಿಳಿಯಿತು. ಚಿಕ್ಕಂದಿನಲ್ಲಿ ಇಡೀ ಕುರಾನ್ ಬಾಯಿಪಾಠ ಮಾಡಿದವರು. ಗಾಳಿ ಯಂತ್ರ ತಿರುಗಿಸುತ್ತ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದುದು ಅದನ್ನೇ. ನನ್ನ ಸಿಟ್ಟು ಇಳಿದ ಮೇಲೆ, ಅಷ್ಟು ದೊಡ್ಡದನ್ನು ಹೇಗೆ ಹಿಡಿದಿಟ್ಟುಕೊಂಡಿರಿ ಎಂದು ಕೇಳಿದೆ. ಮದರಸಾದಲ್ಲಿ ದಿನಕ್ಕೆ ಮೂರು ಪಾಠ ಒಪ್ಪಿಸಬೇಕಿತ್ತಂತೆ. ಒಂದು ಇವತ್ತಿನ ಹೊಸದು, ಸಣ್ಣದು. ಇನ್ನೊಂದು ಹಿಂದಿನ ವಾರದ್ದು. ಮೂರನೆಯದು ಎಂದೋ ಕಲಿತ ಹಳೆಯದರಲ್ಲಿ ಒಂದು ಭಾಗ, ಸರದಿಯ ಮೇಲೆ.

"ಒಂದ ದಿನ ತಪ್ಪಿದ್ರ?" ಎಂದೆ.

"ತಪ್ಪಿದ್ರ ಮರುದಿನ ಅಲ್ಲಿಂದ ಮುಂದ. ಮೊದಲಿಂದ ಯಾಕ? ಆದ್ರ ಒಂದ ಮಾತು. ಕೇಳಾಂವ ಬೇಕು. ಎದುರಿಗೆ ಕೂತು ಕೇಳಾಂವ ಇಲ್ಲಂದ್ರ ಅದು ಪಾಠ ಅಲ್ಲ, ಬರೇ ಬಾಯಿ ಸಪ್ಪಳ. ನಾಳಿಂದ ನಂಗ ಹೇಳು."

ನನಗೆ ಕೇಳುವವರು ಸಿಕ್ಕಿರಲಿಲ್ಲವೆಂದಲ್ಲ. ಹಾಸ್ಟೆಲಿನ ಗೆಳೆಯನೊಬ್ಬ ಪ್ರಶ್ನೆ ಕೇಳುತ್ತೇನೆಂದು ಕೂತಿದ್ದ. ಮೊದಲ ತಪ್ಪು ಹಿಡಿದ ಕೂಡಲೇ ಪುಸ್ತಕ ಕಿತ್ತುಕೊಂಡು, ಹದಿನೈದು ದಿನ ಅವನೊಂದಿಗೆ ಮಾತು ಬಿಟ್ಟಿದ್ದೆ. ಇದನ್ನು ಉಸ್ತಾದರಿಗೆ ಹೇಳಲಿಲ್ಲ. ಇಂಗ್ಲಿಷ್ ಬಾರದವರು ನನ್ನ ತಪ್ಪು ಏನು ಹಿಡಿದಾರೆಂದು ಒಪ್ಪಿಕೊಂಡೆ.

ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಬೇಕೆಂದು ಅವರ ಕರಾರು. ಎರಡನೆಯ ದಿನ ಜಂಬದಿಂದ ಶುರು ಮಾಡಿದೆ. "ಎಲ್ಲಾ ಬಸ್ಸು ಇದ್ದಲಿ ಮ್ಯಾಲೆ ಓಡ್ತಾವ. ಇದು ಬಸ್ಸು. ಅದಕ್ಕ ಇದೂ ಇದ್ದಲಿ ಮ್ಯಾಲೆ ಓಡ್ತೈತಿ. ಇದಕ್ಕ ತರ್ಕದಾಗ ಅನುಮಾನ ಅಂತಾರ. ತಿಳೀತಿಲ್ರಿ?"

"ತಿಳೀತು. ಆದ್ರ ಎಲ್ಲಾ ಬಸ್ಸು ಅಂತ ಹೆಂಗ ಹೇಳಿದಿ? ಎಲ್ಲಾ ಬಸ್ಸು ನೋಡೀಯೇನು? ಲಡಾಯಿ ಮುಗದು ಪೆಟ್ರೋಲ್ ಬಂತು ಅನ್ನು. ಆವಾಗ ನಿನ್ನ ಮಾತು ಸುಳ್ಳ ಆಗ್ತೈತೋ, ನಿನ್ನ ವಿದ್ಯಾನ ಸುಳ್ಳ ಆಗ್ತೈತೋ?"

ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವುದು ನಾಲಗೆಗೆ ಬರಲೂ ಇಲ್ಲ. ಬಂದದ್ದು ಬೇರೆ. "ಪಾನಾ ಹಿಡಿಯೋರಿಗೆ ತರ್ಕಶಾಸ್ತ್ರ ಏನ್ ತಿಳೀತೈತ್ರಿ!" ಎಂದು ಕೂಗಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕಾಲು ಅಪ್ಪಳಿಸುತ್ತ ಹೊರಟುಬಿಟ್ಟೆ.

ಮೂರು ದಿನ ಆ ಕಡೆ ಸುಳಿಯಲಿಲ್ಲ. ಅಕ್ಕನ ಮನೆಯ ಅಟ್ಟದಲ್ಲಿ ಕೂತು, ಆ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ ಉತ್ತರ ಹೇಳಬೇಕೆಂದು ಪುಸ್ತಕ ತಡಕಾಡಿದೆ. ಮೊದಲ ಮೂವತ್ತು ಪುಟದಲ್ಲಿ ಇರಲಿಲ್ಲ. ಅಂಟಿಕೊಂಡ ಪುಟ ಬಿಡಿಸುತ್ತ ಹೋದೆ. ಕೊನೆಯ ಭಾಗದಲ್ಲಿ ಒಂದು ಅಧ್ಯಾಯ ಪೂರ್ತಿ ಉಸ್ತಾದರ ಪ್ರಶ್ನೆಯ ಮೇಲೆಯೇ ಇತ್ತು. ಅಷ್ಟೇ ಅಲ್ಲ, ನಾನು ನಪಾಸಾದ ಪತ್ರಿಕೆಯಲ್ಲಿ ಇಪ್ಪತ್ತು ಅಂಕದ ಪ್ರಶ್ನೆಯಾಗಿ ಅದೇ ಬಂದಿತ್ತು. ಪರೀಕ್ಷಕರು ದ್ವೇಷ ಸಾಧಿಸಿದರೆಂದು ಅಕ್ಕನ ಮುಂದೆ ಹೇಳಿಕೊಂಡಿದ್ದೆನಲ್ಲ, ನಾಚಿಕೆಯಿಂದ ಮೈ ಹಿಡಿಯಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಗೆ ಹೋದೆ. ರಮಜಾನ್ ಹತ್ತಿರ ಬಂದಿತ್ತು. ಆ ತಿಂಗಳು ಮಸೀದಿಯಲ್ಲಿ ನಮಾಜಿಗೆ ಉಸ್ತಾದರೇ ಮುಂದೆ ನಿಂತು ಕುರಾನ್ ಪೂರ್ತಿ ಹೇಳಬೇಕು. ಅದಕ್ಕಾಗಿ ದಿನಾ ಮಧ್ಯಾಹ್ನ ತಮ್ಮಂತೆಯೇ ಹಾಫಿಜರಾದ ಒಬ್ಬ ವಯಸ್ಸಾದ ದರ್ಜಿಗೆ ಪಾಠ ಒಪ್ಪಿಸುತ್ತಿದ್ದರು. ಒಳಕೋಣೆಯಲ್ಲಿ ಕೈಕಾಲು ತೊಳೆದು, ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ನಾನು ಬಾಗಿಲ ಹೊರಗೆ ನಿಂತೆ.

ಹೊಳೆಯ ಹಾಗೆ ಸಾಗಿದ್ದ ದನಿ ಒಂದು ಕಡೆ ತಪ್ಪಿತು. ದರ್ಜಿ ಕೈ ಎತ್ತಿದರು. ಉಸ್ತಾದರು ಹಿಂದಕ್ಕೆ ಹೋಗಿ ಮತ್ತೆ ಬಂದರು. ಅಲ್ಲೇ ತಪ್ಪಿತು. ಮೂರನೆಯ ಸಲವೂ ತಪ್ಪಿದಾಗ ದರ್ಜಿ ಉರ್ದುವಿನಲ್ಲಿ ಚೆನ್ನಾಗಿ ಝಾಡಿಸಿದರು. ಊರಿನ ಬಸ್ಸುಗಳೆಲ್ಲ ಯಾರ ಕೈಯಲ್ಲಿದ್ದವೋ ಆ ಮನುಷ್ಯ ತಲೆ ಬಗ್ಗಿಸಿ "ಜೀ, ಜೀ" ಎಂದು ನಾಲ್ಕನೆಯ ಸಲ ಹೇಳಿದರು. ಸರಿ ಬಂತು. ಇಬ್ಬರೂ ನಕ್ಕರು, ಪಾಠ ಮುಂದೆ ಹೋಯಿತು.

ಮುಗಿದ ಮೇಲೆ ಹೊರಗೆ ಬಂದು ನನ್ನನ್ನು ನೋಡಿದರು. "ನಿಮಗ ಸಿಟ್ಟ ಬರಲಿಲ್ಲೇನ್ರಿ?" ಎಂದು ಕೇಳಿದೆ. ಕ್ಷಮೆ ಕೇಳಲು ಹೋದವನು ಕೇಳಿದ್ದು ಇದನ್ನು.

"ಯಾಕ ಬರಬೇಕು? ಇಲ್ಲಿ ಇವರು, ನೀನು, ಇಬ್ಬರ ಮುಂದ ತಪ್ಪಿದೆ. ಇವರು ಹಿಡೀಲಿಲ್ಲಂದ್ರ ಮಸೀದ್ಯಾಗ ಎಲ್ಲಾರ ಮುಂದ ತಪ್ಪತಿದ್ದೆ. ಅವರು ನನ್ನ ಮರ್ಯಾದಿ ಕಾದ್ರಪಾ." ಆಮೇಲೆ ಪಾನಾ ಕೈಗೆ ತೆಗೆದುಕೊಂಡು, "ಹ್ಞಾ, ಎಲ್ಲಿ ಬಿಟ್ಟಿದ್ದಿ?" ಎಂದರು.

ನನಗೆ ಕಣ್ಣೀರು ಬಂತು. ಅಳುತ್ತಲೇ ಹೇಳಿದೆ: ಹೇಳುವ ಕ್ರಮ ಸರಿ ಇರಬಹುದು, ಆದರೂ ಮೊದಲ ಮಾತೇ ಸುಳ್ಳಿರಬಹುದು, ಅವು ಎರಡೂ ಬೇರೆ ಬೇರೆ. ಅವರು ಗಡ್ಡ ಕೆರೆದುಕೊಂಡರು.

"ಅಂದ್ರ ಇಂಜಿನ್ ಬರೋಬ್ಬರಿ ಐತಿ, ಇದ್ದಲಿ ಹಸಿ ಐತಿ. ಹಂಗೇನು?"

"ಹಂಗ ರೀ! ಬರೋಬ್ಬರಿ ಹಂಗ!"

ಮುಂದೆ ನನ್ನ ತರಗತಿಗಳಲ್ಲಿ ಆ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಎಂದೂ ಆಗಲಿಲ್ಲ.

ಅಲ್ಲಿಂದ ಮಾರ್ಚ್ ತನಕ ಒಂದೇ ಕ್ರಮ. ಬೆಳಿಗ್ಗೆ ಇದ್ದಲಿ ಹತ್ತುವಷ್ಟರಲ್ಲಿ ಹೊಸದು ನಾಲ್ಕು ಪುಟ, ಹೋದ ವಾರದ್ದು ಒಂದಿಷ್ಟು, ಹಳೆಯದರಲ್ಲಿ ಒಂದು ಅಧ್ಯಾಯ. ನಾನು ಗಾಳಿ ಯಂತ್ರ ತಿರುಗಿಸುತ್ತ ಹೇಳಬೇಕು, ಅವರು ಕೇಳಬೇಕು. ವಿಷಯ ಅವರಿಗೆ ಗೊತ್ತಿರಲಿಲ್ಲ, ಆದರೆ ತಡವರಿಸುವ ದನಿ ಚೆನ್ನಾಗಿ ಗೊತ್ತಿತ್ತು. "ಈಗ ಹೇಳಿದ್ದು ನಿಂಗ ಗೊತ್ತಿಲ್ಲ, ಸುಮ್ನ ಓಡಿಸಿದಿ," ಎನ್ನುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ನಿಜವೇ ಇರುತ್ತಿತ್ತು. ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು, ಧಾರಾಳವಾಗಿ ಬರುತ್ತಿತ್ತು. ಆಗೆಲ್ಲ ಯಂತ್ರವನ್ನು ಜೋರಾಗಿ ತಿರುಗಿಸುತ್ತಿದ್ದೆ, ಬಸ್ಸು ಹೊತ್ತಿಗೆ ಮುಂಚೆ ಹೊರಡುತ್ತಿತ್ತು. ಡ್ರೈವರ್ ಖುಷಿಯಾಗಿದ್ದ.

ಮಾರ್ಚಿನಲ್ಲಿ ಧಾರವಾಡಕ್ಕೆ ಹೋದೆ. ತರ್ಕದ ಪತ್ರಿಕೆಯಲ್ಲಿ ಕೊನೆಯ ಪ್ರಶ್ನೆಗೆ ಒಂದೂವರೆ ಪುಟ ಬರೆದು ನಿಲ್ಲಿಸಿದೆ. ಬರೆದದ್ದನ್ನು ಓದಿ ನೋಡಿದರೆ, ಸುಮ್ಮನೆ ಓಡಿಸಿದ್ದೇನೆ! ಹಿಂದಿನ ವರ್ಷವಾಗಿದ್ದರೆ ಅದಕ್ಕೆ ಇನ್ನೊಂದು ಪುಟ ಸೇರಿಸಿ ಮುಚ್ಚಿಹಾಕುತ್ತಿದ್ದೆ. ಗಂಟೆ ಹೊಡೆಯಲು ಅರ್ಧ ತಾಸು ಇತ್ತು. ದಾಂಡೇಲಿಯ ದಿಮ್ಮಿಗಳು ಕಣ್ಣ ಮುಂದೆ ಬಂದವು. ಒಂದೂವರೆ ಪುಟವನ್ನೂ ಹೊಡೆದುಹಾಕಿ ಮೊದಲಿನಿಂದ ಬರೆದೆ. ಮುಕ್ಕಾಲು ಪುಟವಾಯಿತು, ಆದರೆ ಗೊತ್ತಿದ್ದನ್ನೇ ಬರೆದಿದ್ದೆ.

ಪರೀಕ್ಷೆ ಮುಗಿಸಿ ಮುಂಡಗೋಡಕ್ಕೇ ಮರಳಿದೆ. ಜೂನಿನಲ್ಲಿ ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿ ನನ್ನ ನಂಬರು ಇತ್ತು. ಉಸ್ತಾದರು ನನ್ನನ್ನು ಅಪ್ಪಿಕೊಂಡರು, ಅಂಗಿಯೆಲ್ಲ ಮಸಿಯಾಯಿತು. "ಇಲ್ಲೇನ ಕುಣೀತಿ? ಮೊದಲ ಅಣ್ಣಗ ಹೇಳ್ಹೋಗು," ಎಂದು ಅದೇ ಬಸ್ಸು ಹತ್ತಿಸಿದರು.

ಅಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹೇಳಿದೆ. "ಹೌದಾ?" ಎಂದ, ಅಷ್ಟೇ. ಹಗ್ಗ ಪೂರ್ತಿ ಮುಗಿಸಿ, ಕೈ ಝಾಡಿಸಿಕೊಂಡು, "ಡಿಪೋದವರಿಗೆ ಕಾಗದ ಬರಿ. ಇನ್ನ ಅವರನ್ನ ಕಾಯಿಸೂದು ಚಲೋ ಅಲ್ಲ," ಎಂದ. ನಾನು ನನ್ನ ವಿದ್ಯೆಯೆಲ್ಲ ಖರ್ಚು ಮಾಡಿ, ಅನಿವಾರ್ಯ ಕಾರಣಗಳಿಂದ ಸದರಿ ಹುದ್ದೆಯನ್ನು ಸ್ವೀಕರಿಸಲು ನನ್ನ ತಮ್ಮ ಅಶಕ್ತನಾಗಿರುತ್ತಾನೆ ಎಂದು ಅಣ್ಣನ ಪರವಾಗಿ ಬರೆದು ಓದಿದೆ.

"ತಪ್ಪೈತಿ," ಎಂದ ಅಣ್ಣ. ಅವನು ಕಲಿತದ್ದು ಮೂರನೆಯ ಇಯತ್ತೆ. "ಅನಿವಾರ್ಯ ಕಾರಣ ಏನು? ಯಾರರ ಸತ್ತಾರೇನು? ಪರೀಕ್ಷಾ ಪಾಸಾಗ್ಯಾನ, ಮುಂದ ಓದ್ತಾನ, ಅದಕ್ಕ ಬರೂದಿಲ್ಲಂತ ಬರಿ."

ನಾನು ಎದುರಾಡಲಿಲ್ಲ. ಹೊಡೆದುಹಾಕಿ, ಅವನು ಹೇಳಿದಂತೆಯೇ ಬರೆದೆ.

"ಓದು," ಎಂದ. ಓದಿದೆ. "ಇನ್ನೊಮ್ಮೆ ಓದು." ಓದಿದೆ. ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. "ಇನ್ನೊಮ್ಮೆ," ಎಂದ.

ಕಾಗದದಲ್ಲಿ ತಪ್ಪಿರಲಿಲ್ಲ. ತಮ್ಮ ಪಾಸಾದ ಮಾತನ್ನು ಅವನಿಗೆ ಮತ್ತೆ ಕೇಳಬೇಕಾಗಿತ್ತು, ಅಷ್ಟೇ.